ಹತ್ಯಾರು ಪೆಟ್ಟಿಗೆ: ಕೊಳೆ ತೆಗೆಯಿರಿ, ಗುರುತು ಅಳಿಸಬೇಡಿ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಎರಡು ಬಗೆಯ ಪೆಟ್ಟಿಗೆಗಳಿರುತ್ತವೆ. ಒಂದು, ಊರಿನಿಂದ ಬಟ್ಟೆಬರೆ ತುಂಬಿಕೊಂಡು ಬಂದ ತಗಡಿನ ಟ್ರಂಕು. ಇನ್ನೊಂದು, ಬಂದ ಊರಿನಲ್ಲಿ ಅನ್ನ ಕೊಟ್ಟ ಹತ್ಯಾರು ಪೆಟ್ಟಿಗೆ. ಟ್ರಂಕಿನ ಬಗ್ಗೆ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಸಾಕಷ್ಟು ಬರೆದುಕೊಂಡಿದ್ದೇವೆ. ಹತ್ಯಾರು ಪೆಟ್ಟಿಗೆಯ ಬಗ್ಗೆ ಬರೆದವರು ಕಡಿಮೆ. ಅದು ಅಟ್ಟದಲ್ಲೋ ಮೆಟ್ಟಿಲ ಕೆಳಗೋ ಕುಳಿತು ತುಕ್ಕು ಹಿಡಿಯುತ್ತದೆ. ಯಜಮಾನರು ತೀರಿಕೊಂಡ ಮೇಲೆ ಗುಜರಿಯವನ ತಕ್ಕಡಿ ಏರುತ್ತದೆ. ಈ ಲೇಖನ ಬರೆಯಲು ಅಂಥ ಒಂದು ಪೆಟ್ಟಿಗೆ ಕಾರಣ. ಅದನ್ನು ಶುಚಿಗೊಳಿಸಲು ಹೋಗಿ ನಾನು ಮಾಡಿದ ಒಂದು ತಪ್ಪೂ ಕಾರಣ.

ಕಳೆದ ವರ್ಷದ ಮಳೆಗಾಲದಲ್ಲಿ ತ್ರಿಪ್ಪುಣಿತ್ತುರದ ಒಂದು ಹಳೆ ಸಾಮಾನಿನ ಅಂಗಡಿಯ ಮುಂದೆ ಅದನ್ನು ಕಂಡೆ. ಮನೆ ಮಾರಿ ವಿದೇಶಕ್ಕೆ ಹೊರಟ ಕುಟುಂಬವೊಂದರ ಸಾಮಾನಿನ ಜೊತೆ ಬಂದದ್ದಂತೆ. ಯಾವ ಕುಟುಂಬ, ಯಾವ ಬೀದಿ ಎಂದು ಅಂಗಡಿಯವನಿಗೆ ನೆನಪಿಲ್ಲ. ಒಂದೂಮುಕ್ಕಾಲು ಅಡಿ ಉದ್ದ, ಒಂದಡಿಗೆ ತುಸು ಹೆಚ್ಚು ಎತ್ತರ. ಮುಂದೆ ಚಿಕ್ಕದೂ ದೊಡ್ಡದೂ ಆಗಿ ಏಳು ಖಾನೆಗಳು, ಮೇಲೆ ಎತ್ತಿ ತೆರೆಯುವ ಮುಚ್ಚಳ, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ. ಹೊರಗೆ ಯಾರೋ ಎರಡು ಸಲ ಹಸಿರು ಬಣ್ಣ ಬಳಿದಿದ್ದರು. 1,800 ರೂಪಾಯಿಗೆ ಚೌಕಾಸಿ ಮುಗಿಯಿತು. ಆಟೋದಲ್ಲಿ ಮನೆಗೆ ತಂದಾಗ ನನ್ನಾಕೆ ಕೇಳಿದ ಮೊದಲ ಪ್ರಶ್ನೆ, "ಇದರೊಳಗೆ ಹುಳ ಇಲ್ಲ ತಾನೆ?" ಪ್ರಶ್ನೆ ಸರಿಯಾಗಿಯೇ ಇತ್ತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನಿವೃತ್ತಿಯಾದವನಿಗೆ ಉತ್ಸಾಹ ಜಾಸ್ತಿ. ಮರುದಿನ ಬೆಳಿಗ್ಗೆಯೇ ದಪ್ಪ ಉಪ್ಪುಕಾಗದ ಹಿಡಿದು ಕುಳಿತೆ. ಮುಚ್ಚಳದ ಒಳಭಾಗ ಎಣ್ಣೆ ಕೊಳೆಯಿಂದ ಕಪ್ಪಾಗಿತ್ತು. ಅಲ್ಲಿಂದಲೇ ಆರಂಭಿಸಿ ಕಾಲು ಗಂಟೆ ಉಜ್ಜಿರಬಹುದು. ತೇಗದ ಹೊಂಬಣ್ಣ ಹೊರಬಂದದ್ದು ನೋಡಿ ಸಂತೋಷವಾಯಿತು. ಕನ್ನಡಕ ಒರೆಸಿಕೊಂಡು ಹತ್ತಿರದಿಂದ ನೋಡಿದಾಗ ಉಜ್ಜಿದ ಜಾಗದ ಅಂಚಿನಲ್ಲಿ ಏನೋ ಪೆನ್ಸಿಲಿನ ಗೀಟು. ಒದ್ದೆ ಬಟ್ಟೆಯಿಂದ ಮೆಲ್ಲನೆ ಒತ್ತಿ ಕೊಳೆ ತೆಗೆದೆ. ಅಕ್ಷರಗಳು ಕಂಡವು. ಕನ್ನಡ ಅಕ್ಷರಗಳು!

ಅದೊಂದು ಕಡದ ಪಟ್ಟಿ. ಯಾವ ಹತ್ಯಾರನ್ನು ಯಾರಿಗೆ ಕೊಟ್ಟದ್ದು, ಯಾವ ತಾರೀಕು, ವಾಪಸು ಬಂತೋ ಇಲ್ಲವೋ ಎಂಬ ಲೆಕ್ಕ. ವಾಪಸು ಬಂದದ್ದರ ಮೇಲೆ ಅಡ್ಡಗೆರೆ. ತಾರೀಕುಗಳೂ ಕನ್ನಡ ಅಂಕಿಗಳಲ್ಲಿ. ಉಳಿದವುಗಳಲ್ಲಿ ಹಳೆಯದು 1971ರದು. ಅರ, ಕ್ಯಾಲಿಪರ್, ಮೂಲೆಮಟ್ಟ ಹೀಗೆ ಸಾಲುಗಳು. ಎರಡು ಹೆಸರು ನಮ್ಮ ಕಡೆಯವು, ಮೂರು ಮಲಯಾಳಿಗಳವು. ಕೊನೆಯ ಸಾಲಿನಲ್ಲಿ ಮೈಕ್ರೋಮೀಟರ್ ಒಂದನ್ನು ಯಾರಿಗೋ ಕೊಟ್ಟ ಲೆಕ್ಕವಿದೆ. ಅದರ ಮೇಲೆ ಅಡ್ಡಗೆರೆ ಬಿದ್ದಿಲ್ಲ. ಪೆಟ್ಟಿಗೆಯಲ್ಲಿ ಮೈಕ್ರೋಮೀಟರೂ ಇಲ್ಲ. ಪಟ್ಟಿಯ ಮೇಲಿನ ಅರ್ಧ, ಬಹುಶಃ ಪೆಟ್ಟಿಗೆಯ ಒಡೆಯನ ಹೆಸರೂ ಇದ್ದಿರಬಹುದಾದ ಭಾಗ, ನನ್ನ ಉಪ್ಪುಕಾಗದದ ಪುಡಿಯಾಗಿ ಜಗಲಿಯ ಮೇಲೆ ಬಿದ್ದಿತ್ತು. ಐವತ್ತು ವರ್ಷಗಳ ಮಳೆ, ತೇವ, ಜಿರಳೆ, ಎಣ್ಣೆ ಅಳಿಸಲಾಗದ್ದನ್ನು ನಾನು ಕಾಲು ಗಂಟೆಯಲ್ಲಿ ಅಳಿಸಿದ್ದೆ.

ಈ ನೋವಿನಿಂದ ನನಗೆ ಹೊಳೆದ ಮಾತು ಸರಳವಾದದ್ದು. ಹಳೆಯ ಹತ್ಯಾರು ಪೆಟ್ಟಿಗೆಯನ್ನು ಶುಚಿಗೊಳಿಸುವುದೆಂದರೆ ಅದನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡುವುದು. ಹೊಸದರಂತೆ ಕಾಣಿಸುವುದಲ್ಲ. ಕೊಳೆ ಬೇರೆ, ಗುರುತು ಬೇರೆ. ಇವೆರಡರ ವ್ಯತ್ಯಾಸ ತಿಳಿಯದ ಕೈ ಉಪ್ಪುಕಾಗದ ಹಿಡಿಯಬಾರದು.

ಇಂಥ ಪೆಟ್ಟಿಗೆಗಳು ಕೊಚ್ಚಿಗೆ ಬಂದದ್ದಾದರೂ ಹೇಗೆ? ಮಂಗಳೂರು, ಉಡುಪಿ ಕಡೆಯಿಂದ ಹೋಟೆಲು ಇಡಲು, ದೇವಸ್ಥಾನಗಳ ಪೂಜೆಗೆ ಬಂದವರ ಕಥೆ ನಮಗೆಲ್ಲ ಗೊತ್ತು. ಕೈಕಸುಬು ಹಿಡಿದು ಬಂದವರ ಕಥೆ ಅಷ್ಟು ಹೇಳಿಲ್ಲ. ಏಲೂರಿನ ಫ್ಯಾಕ್ಟ್ ಗೊಬ್ಬರ ಕಾರ್ಖಾನೆ 1947ರಲ್ಲಿ ಉತ್ಪಾದನೆ ಆರಂಭಿಸಿತು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, 1960ರ ದಶಕದಲ್ಲಿ ಇಲ್ಲಿನ ಕಳಮಶ್ಶೇರಿಯಲ್ಲಿ ಘಟಕ ತೆರೆಯಿತು. ತ್ರಿಪ್ಪುಣಿತ್ತುರಕ್ಕೆ ಸಮೀಪದ ಅಂಬಲಮುಗಳಿನಲ್ಲಿ ತೈಲ ಶುದ್ಧೀಕರಣಾಗಾರ 1966ರಲ್ಲಿ ಕೆಲಸ ಆರಂಭಿಸಿತು. ಹಡಗು ನಿರ್ಮಾಣ ಕೇಂದ್ರಕ್ಕೆ 1972ರಲ್ಲಿ ಅಡಿಗಲ್ಲು ಬಿತ್ತು; ಅಲ್ಲಿ ಕಟ್ಟಿದ ಮೊದಲ ಹಡಗು 'ರಾಣಿ ಪದ್ಮಿನಿ' 1981ರಲ್ಲಿ ಸಿದ್ಧವಾಗಿ ಹೊರಬಂತು. ಇಷ್ಟೆಲ್ಲ ನಡೆಯಬೇಕಾದರೆ ಫಿಟ್ಟರ್, ಟರ್ನರ್, ವೆಲ್ಡರುಗಳು ಬೇಕಾಗಿತ್ತು. ಅವರಲ್ಲಿ ನಮ್ಮವರೂ ಇದ್ದರು. ಕಾರ್ಖಾನೆಯ ಹತ್ಯಾರು ಕಾರ್ಖಾನೆಯದು. ಆದರೆ ಕಸುಬು ಬಲ್ಲವನು ತನ್ನ ಕೈಗೆ ಒಗ್ಗಿದ ಅರ, ಸ್ಕ್ರೈಬರ್, ಕ್ಯಾಲಿಪರುಗಳನ್ನು ಸ್ವಂತ ದುಡ್ಡಿನಿಂದ ಕೂಡಿಸಿ ಸ್ವಂತ ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದ. ನನಗೆ ಸಿಕ್ಕಿದ ಪೆಟ್ಟಿಗೆ ಯಾವ ಕಾರ್ಖಾನೆಯ ಬಾಗಿಲು ಕಂಡಿತ್ತೋ ಹೇಳಲು ಆಧಾರವಿಲ್ಲ. ಒಬ್ಬ ಫಿಟ್ಟರನದೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ನಮ್ಮ ಬೀದಿಯಲ್ಲಿ ವಯಸ್ಸಾದ ಒಬ್ಬ ಆಶಾರಿ, ಅಂದರೆ ಬಡಗಿ ಇದ್ದಾರೆ. ಪೆಟ್ಟಿಗೆ ಕೆಡಿಸಿದ ಮೇಲೆ ಅವರ ಬಳಿ ಹೋದೆ, ಮೊದಲೇ ಹೋಗಬೇಕಿತ್ತು. ಅವರು ಖಾನೆ ಎಳೆದು, ಮಗುಚಿ, ಮೂಸಿ ನೋಡಿದರು. ಮೈ ತೇಗದ್ದು, ಖಾನೆಗಳ ತಳ ಆಞ್ಞಿಲಿ ಎಂದರು. ಆಞ್ಞಿಲಿ ಎಂದರೆ ನಮ್ಮ ಹೆಬ್ಬಲಸು. ಕೇರಳದ ಚುಂಡನ್ ದೋಣಿಗಳನ್ನು ಮಾಡುವ ಮರ. ವಿಲಾಯಿತಿ ಪೆಟ್ಟಿಗೆಯ ಮಾದರಿ ನೋಡಿ ಇಲ್ಲಿಯ ಆಶಾರಿಯೇ ಮಾಡಿದ್ದಿರಬೇಕೆಂದು ಅವರ ಅಂದಾಜು. ಮೂಲೆಗಳಲ್ಲಿ ಮೊಳೆಯಿಲ್ಲ, ಕೈಬೆರಳು ಹೆಣೆದಂತೆ ಕಚ್ಚು ಹಾಕಿ ಕೂಡಿಸಿದ್ದಾರೆ. ಹಿತ್ತಾಳೆ ಪಟ್ಟಿಯ ನೆಟ್ಟೂರ್ ಪೆಟ್ಟಿ ಮಾಡಿದ ನಾಡಿಗೆ ಇದೇನು ಕಷ್ಟ? ಮಲಯಾಳಿ ಬಡಗಿ ಮಾಡಿದ ಪೆಟ್ಟಿಗೆ, ಅದರೊಳಗೆ ಕನ್ನಡಿಗನ ಕೈಬರಹ, ಕಡ ಪಡೆದವರಲ್ಲಿ ಇಬ್ಬರ ಭಾಷೆಯವರೂ. ಸೌಹಾರ್ದದ ಬಗ್ಗೆ ವೇದಿಕೆಯಲ್ಲಿ ಭಾಷಣ ಮಾಡುವ ನಾವು ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಎಲ್ಲಿ ತರುವುದು?

ಇನ್ನು ಶುಚಿಗೊಳಿಸುವ ಕ್ರಮ. ಓದುಗರ ಮನೆಗಳಲ್ಲೂ ಇಂಥ ಪೆಟ್ಟಿಗೆಗಳಿರಬಹುದು. ಆದ್ದರಿಂದ ಕಲಿತದ್ದನ್ನು ಹೇಳಿಬಿಡುತ್ತೇನೆ. ಮೊದಲ ಕೆಲಸ ಮೊಬೈಲಿನಲ್ಲಿ ಫೋಟೋ ತೆಗೆಯುವುದು. ಒಳಗೆ, ಹೊರಗೆ, ಖಾನೆಗಳ ತಳ, ಹಿಂಬದಿ ಎಲ್ಲವನ್ನೂ. ಟಾರ್ಚನ್ನು ನೇರವಾಗಿ ಹಿಡಿಯದೆ ಮರದ ಮೈಗೆ ಒರಗಿಸಿದಂತೆ ಅಡ್ಡ ಹಿಡಿದರೆ ಪೆನ್ಸಿಲ್ ಒತ್ತಿದ ತಗ್ಗು, ಕೊರೆದ ಅಕ್ಷರ ಎದ್ದು ಕಾಣುತ್ತವೆ. ನಾನು ಅಳಿಸಿದ ಭಾಗದಲ್ಲೂ ಹೀಗೆ ಎರಡು ಅಂಕಿಗಳನ್ನು ಓದಲು ಸಾಧ್ಯವಾಯಿತು. ಪೆನ್ಸಿಲ್ ಬರಹ ಒದ್ದೆಯಾದ ಮಾತ್ರಕ್ಕೆ ಹೋಗುವುದಿಲ್ಲ, ಉಜ್ಜಿದರೆ ಹೋಗುತ್ತದೆ. ಶಾಯಿ ಹಾಗಲ್ಲ, ನೀರು ತಗುಲಿದರೇ ಹರಡಬಹುದು.

ಎರಡನೆಯದು ಹುಳ. ಮರದಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಗಾಬರಿಯಾಗಬೇಕಿಲ್ಲ. ಪೆಟ್ಟಿಗೆಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ನೋಡಿ. ಹೊಸದಾಗಿ ಹಿಟ್ಟು ಉದುರಿದರೆ ಹುಳ ಜೀವಂತ. ಅದಕ್ಕೆ ಔಷಧಿ ಆಗುವವರೆಗೆ ಮನೆಯ ಇತರ ಮರದ ಸಾಮಾನಿನಿಂದ ದೂರವಿಡಬೇಕು. ಹಿಟ್ಟು ಬೀಳದಿದ್ದರೆ ಅದು ಹಳೆಯ ಗಾಯ. ನಮ್ಮ ಪೆಟ್ಟಿಗೆಯದು ಹಳೆಯ ಗಾಯವೇ ಆಗಿತ್ತು, ಗೃಹಶಾಂತಿ ಉಳಿಯಿತು.

ಮರವನ್ನು ನೀರಿನಿಂದ ತೊಳೆಯಬಾರದು. ಒಣ ಬ್ರಷ್‌ನಿಂದ ಧೂಳು ತೆಗೆದು, ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಸಾಕು. ನಂತರ ನೆರಳಿನಲ್ಲಿ ಗಾಳಿಗೆ ಇಡಬೇಕು. ಮಧ್ಯಾಹ್ನದ ಬಿಸಿಲಿಗಿಟ್ಟರೆ ಹಲಗೆ ಸೀಳುತ್ತದೆ. ಹಳೆಯ ಪಾಲಿಶ್ ಯಾವುದೆಂದು ತಿಳಿಯಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹತ್ತಿಯಿಂದ ಸ್ವಲ್ಪ ಸ್ಪಿರಿಟ್ ತಾಗಿಸಿ. ಮೆತ್ತಗಾಗಿ ಅಂಟಿಕೊಂಡರೆ ಅದು ಅರಗಿನ ಪಾಲಿಶ್. ಅರಗನ್ನು ಕಿತ್ತು ಹಾಕಬೇಕಾಗಿಲ್ಲ. ಸವೆದಲ್ಲಿ ತೆಳುವಾಗಿ ಹೊಸ ಅರಗು ಕೊಟ್ಟರೆ ಹಳೆಯದರೊಂದಿಗೆ ಬೆರೆಯುತ್ತದೆ.

ಹೊರಗಿನ ಹಸಿರು ಬಣ್ಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಿದರೆ ಮನೆಯ ಮಕ್ಕಳ ಉಸಿರಿಗೆ ಅಪಾಯ. ಗಟ್ಟಿಯಾಗಿ ಕುಳಿತ ಬಣ್ಣವನ್ನು ಹಾಗೆಯೇ ಬಿಡುವುದು ಜಾಣತನ. ನಾನು ಬಿಟ್ಟಿದ್ದೇನೆ. ಅದೂ ಆ ಮನೆಯವರೇ ಬಳಿದ ಬಣ್ಣವಲ್ಲವೇ?

ಖಾನೆಗಳು ಬಿಗಿಯಾಗಿದ್ದವು. ಕೀಸುಳಿ ಹಾಕಿ ಅಂಚು ಕೀಸೋಣವೆಂದೆ. ಆಶಾರಿ ಒಪ್ಪಲಿಲ್ಲ. "ತುಲಾವರ್ಷ ಕಳೆಯಲಿ ಸಾರೇ, ಆಮೇಲೆ ನೋಡೋಣ" ಎಂದರು. ತುಲಾವರ್ಷ ಎಂದರೆ ಇಲ್ಲಿನ ಹಿಂಗಾರು ಮಳೆ. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ. ಆಗ ಕೀಸಿದರೆ ಬೇಸಿಗೆಯಲ್ಲಿ ಖಾನೆ ಸಡಿಲವಾಗಿ ಲೊಡಲೊಡ ಎನ್ನುತ್ತದೆ. ಅವರ ಮಾತು ಕೇಳಿದೆ. ಜನವರಿಯಲ್ಲಿ ಏಳರಲ್ಲಿ ಐದು ಖಾನೆ ತಾವಾಗಿಯೇ ಸಲೀಸಾದವು. ಉಳಿದೆರಡರ ಅಂಚಿಗೆ ಮೇಣದ ಬತ್ತಿ ಉಜ್ಜಿದ ಮೇಲೆ ಅವೂ ಸರಿಹೋದವು. ಒಂದು ಚೂರು ಮರವನ್ನೂ ಕೀಸಬೇಕಾಗಲಿಲ್ಲ.

ಹಿತ್ತಾಳೆಯನ್ನು ಬೆಳಗಲು ನಮ್ಮ ಮನೆಗಳ ಹುಣಸೆಹಣ್ಣೇ ಸಾಕು. ಆದರೆ ಪಟ್ಟಿಗಳನ್ನು ಬಿಚ್ಚಿ ಬೆಳಗಬೇಕು. ಇಲ್ಲದಿದ್ದರೆ ಹುಳಿ ಮರಕ್ಕಿಳಿದು ಕಲೆಯಾಗುತ್ತದೆ. ತೆಗೆದ ಸ್ಕ್ರೂಗಳನ್ನು ರಟ್ಟಿನ ಮೇಲೆ ಅದೇ ಕ್ರಮದಲ್ಲಿ ಚುಚ್ಚಿಟ್ಟು, ಒಂದೊಂದನ್ನೂ ಅದರದರ ತೂತಿಗೇ ಹಾಕಬೇಕು. ಅರಗಳನ್ನು, ಸುತ್ತಿಗೆಯ ತಲೆಯನ್ನು ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿ, ಬ್ರಷ್‌ನಿಂದ ತಿಕ್ಕಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬಹುದು. ಕ್ಯಾಲಿಪರ್, ಮೂಲೆಮಟ್ಟಗಳಂಥ ಅಳತೆಯ ಸಾಧನಗಳನ್ನು ಮಾತ್ರ ಹುಳಿಗೆ ಹಾಕಲೇಬಾರದು. ಹುಳಿ ತುಕ್ಕನ್ನು ತಿಂದ ಮೇಲೆ ಉಕ್ಕನ್ನೂ ತಿನ್ನುತ್ತದೆ, ಅಳತೆ ತಪ್ಪುತ್ತದೆ. ಅವಕ್ಕೆ ಸೀಮೆಎಣ್ಣೆಯೂ ಬಟ್ಟೆಯೂ ತಾಳ್ಮೆಯೂ ಸಾಕು. ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ. ತೆಂಗಿನೆಣ್ಣೆ ಕೈಗೆ ಸಿಗುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಇಟ್ಟರೆ ಕಮಟು ಹಿಡಿದು ಅಂಟಾಗುತ್ತದೆ. ಕೊಚ್ಚಿಯ ಉಪ್ಪು ಗಾಳಿಗೆ ಒಂದು ವಾರದಲ್ಲಿ ಉಕ್ಕು ಕೆಂಪಾಗುತ್ತದೆ. ಆದ್ದರಿಂದ ಖಾನೆಗೊಂದು ಕರ್ಪೂರದ ತುಂಡು ಇಡುವ ಹಳೆಯ ರೂಢಿಯನ್ನು ನಾನೂ ಇಟ್ಟುಕೊಂಡಿದ್ದೇನೆ.

ಇಷ್ಟಕ್ಕೆ ಮುಗಿಯಲಿಲ್ಲ. ಪೆಟ್ಟಿಗೆಯ ಸುದ್ದಿ ನಮ್ಮ ಸಂಘದ ಸಭೆಗೆ ಹೋಯಿತು. ರಾಜ್ಯೋತ್ಸವದ ದಿನ ಪ್ರದರ್ಶನಕ್ಕಿಡೋಣ, ಅದಕ್ಕೆ ಮೊದಲು ಬಣ್ಣವೆಲ್ಲ ಕಿತ್ತು ಚೆನ್ನಾಗಿ ವಾರ್ನಿಷ್ ಹೊಡೆಸೋಣ ಎಂದು ಹಿರಿಯ ಸದಸ್ಯರೊಬ್ಬರು ಸೂಚಿಸಿದರು. ಖರ್ಚು ತಾವೇ ಕೊಡುವುದಾಗಿಯೂ ಹೇಳಿದರು. ಅವರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ವಿನಯದಿಂದಲೇ ಬೇಡವೆಂದೆ. ಮುಚ್ಚಳದ ಮೇಲೆ ಸುತ್ತಿಗೆ ಇಟ್ಟ ಗುರುತು, ಮುಂದಿನ ಅಂಚಿನಲ್ಲಿ ದಿನವೂ ಹೆಬ್ಬೆರಳು ತಾಗಿ ಸವೆದ ತಗ್ಗು, ಬೀಗದ ಸುತ್ತ ಬೀಗದ ಕೈ ಗೀರಿದ ವೃತ್ತ, ಇವೆಲ್ಲ ಹೋದ ಮೇಲೆ ಪ್ರದರ್ಶಿಸಲು ಉಳಿಯುವುದೇನು? ಒಂದು ಮರದ ಡಬ್ಬ. ಅದು ಪೇಟೆಯಲ್ಲಿ ಹೊಸದೇ ಸಿಗುತ್ತದೆ.

ಬೆಂಗಳೂರಿನಲ್ಲಿರುವ ಮಗ ಬೇರೊಂದು ಸಲಹೆ ಕೊಟ್ಟ. ಮೇಲೊಂದು ಗಾಜು ಹಾಕಿದರೆ ಒಳ್ಳೆಯ ಟೀಪಾಯಿ ಆಗುತ್ತದಂತೆ. ಮಟ್ಟಂಚೇರಿಯ ಯೆಹೂದಿ ಬೀದಿಯ ಅಂಗಡಿಗಳಲ್ಲಿ ಹಳೆಯ ಮರದ ಸಾಮಾನು ಅಲಂಕಾರದ ವಸ್ತುವಾಗಿ ಮಾರಾಟವಾಗುವುದನ್ನು ನಾವೆಲ್ಲ ನೋಡಿದ್ದೇವೆ. 1972ರ ಪ್ರಾಚ್ಯವಸ್ತು ಕಾಯಿದೆ ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುಗಳಿಗೆ ರಕ್ಷಣೆ ಕೊಡುತ್ತದೆ. ಐವತ್ತು, ಅರವತ್ತು ವರ್ಷದ ಫಿಟ್ಟರನ ಪೆಟ್ಟಿಗೆಗೆ ಅಂಥ ಕಾವಲಿಲ್ಲ. ಅದನ್ನು ಕಾಯಬೇಕಾದವರು ನಾವೇ. ಆದರೂ ಮಗನ ಮಾತಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪಬೇಕು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ತಂದೆಯ ಪೆಟ್ಟಿಗೆ ಇಡಲು ಜಾಗವೆಲ್ಲಿ? ಗುಜರಿಗೆ ಹೋಗುವುದಕ್ಕಿಂತ ಟೀಪಾಯಿಯಾಗಿಯಾದರೂ ಮನೆಯಲ್ಲಿರುವುದು ಮೇಲು. ಜಾಗವಿಲ್ಲದವರನ್ನು ದೂಷಿಸಲು ನಾನು ಬರೆಯುತ್ತಿಲ್ಲ. ಕೊಡುವ ಮೊದಲು ತೆರೆದು ನೋಡಿ, ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಬಳಸುವ ಕೈಗೆ ಕೊಡಿ ಎಂದಷ್ಟೇ ನನ್ನ ವಿನಂತಿ.

ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸಿಗೆ ಊರಿನಿಂದ ಬಂದ ನೆಂಟರನ್ನೆಲ್ಲ ಕರೆದೊಯ್ಯುತ್ತೇವೆ. 2024ರ ಮಾರ್ಚಿನಲ್ಲಿ ಮೆಟ್ರೋ ರೈಲು ತ್ರಿಪ್ಪುಣಿತ್ತುರದವರೆಗೆ ಬಂದ ಮೇಲೆ ಅದು ಇನ್ನೂ ಸುಲಭವಾಗಿದೆ. 1865ರಲ್ಲಿ ಕಟ್ಟಿದ ಆ ಅರಮನೆಯಲ್ಲಿ ಕೊಚ್ಚಿ ಅರಸರ ಕಿರೀಟವನ್ನು ಗಾಜಿನೊಳಗೆ ಕಾಪಾಡಿದ್ದಾರೆ. ಕಾಪಾಡಬೇಕಾದ್ದೇ. ದುಡಿದವರ ವಸ್ತುಗಳಿಗೂ ಜಾಗ ಕೊಟ್ಟವರಿದ್ದಾರೆ. ತೇವರದಲ್ಲಿ ಕೇರಳ ಫೋಕ್‌ಲೋರ್ ಮ್ಯೂಸಿಯಂ ಇದೆ. ನಮ್ಮ ನಾಡಿನಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಆದರೆ ವಲಸೆ ಹೋದ ಕಾರ್ಮಿಕನ ಪೆಟ್ಟಿಗೆ ಊರಿನ ಸಂಗ್ರಹಾಲಯಕ್ಕೂ ಹೊರಗಿನದು, ಬಂದ ಊರಿನದಕ್ಕೂ ಹೊರಗಿನದು. ಇದು ಕೊಚ್ಚಿಯವರ ಮಾತು ಮಾತ್ರವಲ್ಲ. ಮುಂಬಯಿಯಲ್ಲಿ 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಎಷ್ಟು ಮಂದಿ ಕನ್ನಡಿಗ ಕಾರ್ಮಿಕರ ಹತ್ಯಾರುಗಳು ಚೋರ್ ಬಜಾರಿನ ದಾರಿ ಹಿಡಿದವೋ, ಲೆಕ್ಕವಿಟ್ಟವರುಂಟೇ?

ನಮ್ಮ ಸಂಘಗಳಿಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ವರ್ಷಕ್ಕೊಂದು ದಿನ, ಆಯುಧಪೂಜೆಯ ಹಿಂದಿನ ಭಾನುವಾರ, ಸದಸ್ಯರು ತಮ್ಮ ಮನೆಯ ಹಿರಿಯರ ಹತ್ಯಾರುಗಳನ್ನು ಸಂಘದ ಕೋಣೆಗೆ ತರಲಿ. ಫಿಟ್ಟರನ ಪೆಟ್ಟಿಗೆ ಮಾತ್ರವೇ ಅಲ್ಲ; ತಾಯಿಯ ಹೊಲಿಗೆ ಯಂತ್ರ, ಅಜ್ಜಿಯ ತುರಿಮಣೆ, ಹೋಟೆಲಿನವರ ದೊಡ್ಡ ಸೌಟು, ಎಲ್ಲವೂ ಬರಲಿ. ಯಾರದು, ಯಾವ ವರ್ಷ, ಎಲ್ಲಿ ಕೆಲಸ ಎಂದು ಒಂದು ಪುಸ್ತಕದಲ್ಲಿ ಬರೆದುಕೊಂಡು ಫೋಟೋ ತೆಗೆಯೋಣ. ತುಕ್ಕು ಬಿಡಿಸುವ ಕೆಲಸವನ್ನು ಹಿರಿಯರು ಮಕ್ಕಳಿಗೆ ಕಲಿಸಲಿ. ಬಳಸುವವರಿಲ್ಲದ ಹತ್ಯಾರುಗಳನ್ನು ಐಟಿಐ ಓದುತ್ತಿರುವ ಬಡ ಹುಡುಗರಿಗೆ ಕೊಡೋಣ. ಆತ ಕನ್ನಡಿಗನಾದರೂ ಸರಿ, ಮಲಯಾಳಿಯಾದರೂ ಸರಿ. ಆಯುಧಪೂಜೆಯಂದು ಕಾರಿಗೂ ಕಂಪ್ಯೂಟರಿಗೂ ಹೂವು ಮುಡಿಸುತ್ತೇವೆ. ಕೇರಳದಲ್ಲೂ ಆ ದಿನಗಳಲ್ಲಿ ಹತ್ಯಾರುಗಳನ್ನು ಪೂಜೆಗಿಟ್ಟು ವಿಜಯದಶಮಿಯಂದು ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ಅಟ್ಟದ ಮೇಲಿರುವ ನಿಜವಾದ ಹತ್ಯಾರಿಗೆ ಒಂದು ಚಿಟಿಕೆ ಕುಂಕುಮ ಬೇಡವೇ?

ನನ್ನ ಬಳಿಯಿರುವ ಪೆಟ್ಟಿಗೆ ಈಗ ಕೆಲಸದಲ್ಲಿದೆ. ನೆರೆಮನೆಯ ಕುಕ್ಕರಿನ ಹಿಡಿಯಿಂದ ಹಿಡಿದು ಸಂಘದ ಕೋಣೆಯ ಬಾಗಿಲ ಚಿಲಕದವರೆಗೆ ಅದರ ಹತ್ಯಾರುಗಳು ಓಡಾಡುತ್ತಿವೆ. ಕೊಟ್ಟದ್ದನ್ನು ಬರೆದಿಡುವ ಪದ್ಧತಿಯನ್ನು ನಾನೂ ಮುಂದುವರಿಸಿದ್ದೇನೆ. ಆದರೆ ಮುಚ್ಚಳದ ಮೇಲಲ್ಲ, ಖಾನೆಯಲ್ಲಿಟ್ಟ ಒಂದು ಚಿಕ್ಕ ಪುಸ್ತಕದಲ್ಲಿ. ಮುಚ್ಚಳದ ಒಳಭಾಗವನ್ನು ಅರ್ಧ ಬಿಳುಚಿಕೊಂಡಂತೆ, ಅರ್ಧ ಕಪ್ಪಾಗಿ, ಹಾಗೆಯೇ ಬಿಟ್ಟಿದ್ದೇನೆ. ಬಂದವರು ಕೇಳಿದಾಗ ನನ್ನ ತಪ್ಪನ್ನು ಹೇಳುತ್ತೇನೆ.

ಕೊನೆಯದಾಗಿ ಒಂದು ಮಾತು. ಪಟ್ಟಿಯಲ್ಲಿರುವ ಹೆಸರುಗಳನ್ನು ಇಲ್ಲಿ ಅಚ್ಚು ಹಾಕಿಸುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ. ಆದರೆ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿಕೊಂಡು, 1971ರ ಸುಮಾರಿಗೆ ಫಿಟ್ಟರ್ ಆಗಿ ದುಡಿದ, ಹಸಿರು ಬಣ್ಣದ ಏಳು ಖಾನೆಯ ಪೆಟ್ಟಿಗೆಯಿದ್ದ ಕನ್ನಡಿಗರೊಬ್ಬರ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದುತ್ತಿದ್ದರೆ ನಮ್ಮ ಸಂಘಕ್ಕೆ ತಿಳಿಸಲಿ. ಮುಚ್ಚಳದಲ್ಲಿರುವ ಹೆಸರುಗಳಲ್ಲಿ ಒಂದನ್ನು ಹೇಳಿದರೆ ಸಾಕು, ಪೆಟ್ಟಿಗೆ ಅವರದು. ಕೊಟ್ಟ 1,800 ರೂಪಾಯಿ ಬೇಡ. ಆ ಮೈಕ್ರೋಮೀಟರ್ ಯಾರ ಮನೆಯಲ್ಲಾದರೂ ಇದ್ದರೆ ಅವರೂ ದಯವಿಟ್ಟು ಕಳುಹಿಸಿಕೊಡಲಿ. ಕೊನೆಯ ಸಾಲಿಗೆ ಅಡ್ಡಗೆರೆ ಎಳೆಯುವುದು ಬಾಕಿ ಇದೆ.